ಸೋತ ದಿನ ಹೋಗ್ಬೇಕಾದ ಪಬ್ಬು: ಫುಟ್ಸ್‌ಕ್ರೇ ಕಡೆಯ ಬುಲ್‌ಡಾಗ್ಸ್ ಅಡ್ಡಾ ಬಗ್ಗೆ ಒಂದು ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಊಟಕ್ಕೆ ಅಂತ ಹೋಗೋದಾದ್ರೆ ಈ ಪಬ್ಬಿಗೆ ಹೋಗ್ಬೇಡಿ. ಗೆದ್ದ ಖುಷೀಲಿ ಕುಣಿಯೋಕೂ ಹೋಗ್ಬೇಡಿ, ಅದಕ್ಕೆ ಮೆಲ್ಬರ್ನಲ್ಲಿ ಬೇಕಾದಷ್ಟು ಜಾಗ ಇದೆ. ನಿಮ್ಮ ಟೀಮು ಸೋತು, ತಲೆ ಕೆಟ್ಟು, ಯಾರ ಹತ್ರನಾದ್ರೂ ಒಂದು ರೌಂಡ್ ವಾದ ಮಾಡ್ಲಿಲ್ಲ ಅಂದ್ರೆ ರಾತ್ರಿ ನಿದ್ದೆ ಬರಲ್ಲ ಅನ್ನೋ ಪರಿಸ್ಥಿತಿ ಇದ್ಯಾ, ಅವತ್ತು ಹೋಗಿ. ಹೆಸರು ಬರೀತಿಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈಯ್ಯೋದೂ ಇದೆ, ಜೊತೆಗೆ ಇದನ್ನ ಓದಿ ಇನ್ನೂ ಹತ್ತು ಜನ ಬಂದ್ರೆ ನನ್ ಸ್ಟೂಲು ಹೋಗುತ್ತೆ. ಫುಟ್ಸ್‌ಕ್ರೇ ಸ್ಟೇಷನ್‌ನಿಂದ ನಡ್ಕೊಂಡು ಹೋಗ್ಬಹುದಾದ ದೂರ, ಮೂಲೆ ಕಟ್ಟಡ, ಹೊರಗಡೆ ಗೋಡೆಗೆ ಹಳೇ ಹಸಿರು ಟೈಲ್ಸು, ಬಾಗಿಲ ಮೇಲೆ ಬಿಸಿಲಿಗೆ ಬಣ್ಣ ಹೋಗಿ ಕೆಂಪು ಯಾವ್ದು ಬಿಳಿ ಯಾವ್ದು ಗೊತ್ತಾಗದ, ನಮ್ಮ ಫುಟಿ ಟೀಮು ಬುಲ್‌ಡಾಗ್ಸ್‌ದು ಒಂದು ಬಾವುಟ. ಆ ಏರಿಯಾದೋರಿಗೆ ಇಷ್ಟು ಸಾಕು.

ನನ್ನ ಕಥೆ ಸ್ವಲ್ಪ ಹೇಳ್ಬೇಕು, ಇಲ್ದಿದ್ರೆ ಈ ರಿವ್ಯೂ ಅರ್ಥ ಆಗಲ್ಲ. ನಾನು ಇಲ್ಲಿಗೆ ಬಂದಿದ್ದು 2016ರ ಜುಲೈನಲ್ಲಿ. ಫುಟಿ (ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್) ಅಂದ್ರೆ ಏನು, ಎಎಫ್‌ಎಲ್ (ಅದರ ದೊಡ್ಡ ಲೀಗು) ಅಂದ್ರೆ ಏನು, ಒಂದೂ ಗೊತ್ತಿರ್ಲಿಲ್ಲ, ಮೊಟ್ಟೆ ಆಕಾರದ ಬಾಲ್ ಹಿಡ್ಕೊಂಡು ತೋಳಿಲ್ಲದ ಬನಿಯನ್ ಹಾಕ್ಕೊಂಡು ಇವ್ರು ಯಾಕೆ ಹಿಂಗೆ ಓಡ್ತಾರೆ ಅನ್ಕೊಂಡಿದ್ದೆ. ಬಂದು ಮೂರು ತಿಂಗಳಾಗಿರ್ಲಿಲ್ಲ, ಬಾಡಿಗೆ ಮನೆ ಇದ್ದಿದ್ದು ಮೆಲ್ಬರ್ನ್‌ನ ವೆಸ್ಟ್‌ನಲ್ಲಿ, ಅಷ್ಟರಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ಲ್ಯಾಡರ್‌ನಲ್ಲಿ, ಅಂದ್ರೆ ಪಾಯಿಂಟ್ಸ್ ಟೇಬಲ್‌ನಲ್ಲಿ, ಏಳನೇ ಸ್ಥಾನದಿಂದ ಫೈನಲ್ಸಿಗೆ (ಪ್ಲೇ-ಆಫ್ ಇದ್ದಂಗೆ) ನುಗ್ಗಿ ಒಬ್ಬೊಬ್ಬರನ್ನೇ ಹೊಡ್ಕೊಂಡು ಹೋಗಿ ಗ್ರ್ಯಾಂಡ್ ಫೈನಲ್‌ನಲ್ಲಿ ಸಿಡ್ನಿಯನ್ನ 22 ಪಾಯಿಂಟ್‌ನಿಂದ ಸೋಲಿಸಿ ಫ್ಲ್ಯಾಗ್, ಅಂದ್ರೆ ಚಾಂಪಿಯನ್‌ಶಿಪ್, ಎತ್ಬಿಟ್ರು. 1954 ಆದ್ಮೇಲೆ ಅದೇ ಮೊದಲ್ನೇದು, 62 ವರ್ಷ! ರಸ್ತೇಲಿ ಮುದುಕರು ಮುದುಕಿಯರು ಒಬ್ಬರನ್ನೊಬ್ಬರು ಹಿಡ್ಕೊಂಡು ಅಳ್ತಿದ್ರು. ನಾನು ಪೆದ್ದ, ಓ ಇದು ಒಳ್ಳೇ ಟೀಮು ಕಣೋ, ಹಿಂಗೇ ಗೆಲ್ತಾ ಇರುತ್ತೆ ಅನ್ಕೊಂಡು ಮಾರನೇ ದಿನಾನೇ ಸ್ಕಾರ್ಫ್ ತಗೊಂಡೆ. ಮುಂದಿನ ವರ್ಷ ಫೈನಲ್ಸಿಗೇ ಹೋಗ್ಲಿಲ್ಲ.

ಆಮೇಲಿಂದು ಗೊತ್ತಿರೋರಿಗೆ ಗೊತ್ತು. 2019ರಲ್ಲಿ ಎಲಿಮಿನೇಷನ್ ಫೈನಲ್ ಸೋಲು, 2020ರಲ್ಲಿ ಸೇಂಟ್ ಕಿಲ್ಡಾ ಎದುರು ಬರೀ 3 ಪಾಯಿಂಟ್‌ನಿಂದ ಸೋಲು, 2022ರಲ್ಲಿ ಪರ್ತ್‌ನಲ್ಲಿ ಫ್ರೀಮ್ಯಾಂಟಲ್ ಮೇಲೆ 41 ಪಾಯಿಂಟ್ ಲೀಡ್ ಇಟ್ಕೊಂಡು ಸೋಲು, 2024ರಲ್ಲಿ ಎಂಸಿಜಿನಲ್ಲಿ 97 ಸಾವಿರಕ್ಕಿಂತ ಜಾಸ್ತಿ ಜನರ ಮುಂದೆ ಹಾಥಾರ್ನ್ ಕೈಲಿ 37 ಪಾಯಿಂಟ್‌ನ ಸೋಲು. ನಡುವೆ 2021ರ ಗ್ರ್ಯಾಂಡ್ ಫೈನಲ್, ಮೂರನೇ ಕ್ವಾರ್ಟರ್‌ನಲ್ಲಿ 19 ಪಾಯಿಂಟ್ ಮುಂದಿದ್ದು ಕೊನೆಗೆ ಮೆಲ್ಬರ್ನ್ ಎದುರು 74 ಪಾಯಿಂಟ್‌ನಿಂದ ಸೋತ್ರಲ್ಲ ಅದು, ಅವತ್ತು ಲಾಕ್‌ಡೌನು, ಪಬ್ಬು ಬಂದ್, ಆ ಸೋಲನ್ನ ಮನೇಲಿ ಒಬ್ಬನೇ ಕೂತು ನುಂಗಿದ್ದು. ಅವತ್ತೇ ನಂಗೆ ಈ ಪಬ್ಬಿನ ಬೆಲೆ ಗೊತ್ತಾಗಿದ್ದು ನಿಜ ಹೇಳ್ಬೇಕಂದ್ರೆ, ಹೆಂಡ್ತಿ ಹತ್ರ ಸೆಂಟರ್ ಕ್ಲಿಯರೆನ್ಸ್ (ಮೈದಾನದ ನಡುವಿಂದ ಬಾಲ್ ಗೆದ್ದು ಮುಂದಕ್ಕೆ ಕಳಿಸೋದು) ಬಗ್ಗೆ ಮಾತಾಡೋಕೆ ಹೋಗಿ ಅವಳು ಪಾತ್ರೆ ತೊಳೀರಿ ಅಂದ್ಲು.

ಸರಿ, ಪಬ್ಬಿಗೆ ಬರೋಣ.

ಒಳಗೆ ಎರಡು ಭಾಗ. ಮುಂದೆ ಬಾರು, ಹಿಂದೆ ಬಿಸ್ಟ್ರೋ. ಬಾರ್ ಕಡೆ ಕಾರ್ಪೆಟ್ಟು, ಅದರ ಮೇಲೆ ಕಾಲಿಟ್ರೆ ಶೂ ಸ್ವಲ್ಪ ಅಂಟ್ಕೊಂಡು ಚಪ್ ಅಂತ ಬಿಡುತ್ತೆ, ಎಷ್ಟು ವರ್ಷದ ಬಿಯರೋ ದೇವರಿಗೇ ಗೊತ್ತು. ನಾಲ್ಕು ಟಿವಿ, ಅದ್ರಲ್ಲಿ ಒಂದು ಯಾವಾಗ್ಲೂ ಕುದುರೆ ರೇಸು. ಒಂದು ಪಾಟ್, ಅಂದ್ರೆ 285 ಎಂಎಲ್ ಗ್ಲಾಸು, ಏಳೂವರೆ ಡಾಲರ್. ಕುಡಿಯದೇ ಇರೋರಿಗೆ ಲೆಮನ್ ಲೈಮ್ ಬಿಟರ್ಸ್ ಇದೆ, ಚೆನ್ನಾಗಿ ಮಾಡ್ತಾರೆ. ನಾನು ಮಾಂಸ ತಿನ್ನಲ್ಲ ಹಾಗಾಗಿ ಬದನೆಕಾಯಿ ಪಾರ್ಮ (ಬ್ರೆಡ್ ಪುಡಿ ಹಚ್ಚಿ ಕರಿದು ಮೇಲೆ ಸಾಸು ಚೀಸು ಹಾಕಿದ್ದು), 27 ಡಾಲರ್, ಮೇಲ್ಗಡೆ ಚೀಸು ಚೆನ್ನಾಗಿ ಕೆಂಪಗಿರುತ್ತೆ, ಕೆಳಗಡೆ ಚಿಪ್ಸ್ (ಫ್ರೆಂಚ್ ಫ್ರೈಸ್) ಸಾಸ್‌ನಲ್ಲಿ ನೆಂದು ಮೆತ್ತಗಾಗಿರುತ್ತೆ, ಪಾರ್ಮನ ಚಿಪ್ಸ್ ಮೇಲಿಡ್ಬೇಡಿ ಪಕ್ಕಕ್ಕಿಡಿ ಅಂತ ಒಂಬತ್ತು ವರ್ಷದಿಂದ ಹೇಳ್ತಾ ಇದೀನಿ, ಕೇಳೋರು ಯಾರು. ಭಾನುವಾರ ಆದ್ರೆ ಮೇಲೆ ಹತ್ತು ಪರ್ಸೆಂಟ್ ಸರ್‌ಚಾರ್ಜು. ಬಿಸ್ಟ್ರೋ ಎಂಟೂವರೆಗೆ ಮುಚ್ಚುತ್ತೆ, ಎಂಟು ಇಪ್ಪತ್ತೈದಕ್ಕೆ ಹೋದ್ರೂ ಒಳಗಿಂದ ಒಂದು ಮುಖ ಸಿಂಡರಿಸುತ್ತೆ. ಊಟದ ವಿಷ್ಯ ಇಷ್ಟೇ, ಐದಕ್ಕೆ ಎರಡೂವರೆ.

ಆದ್ರೆ ಸರ್ವಿಸು ಅಂತ ಏನ್ ಹೇಳ್ತೀವಿ, ಅದನ್ನ ಈ ಪಬ್ಬು ಬೇರೇನೇ ರೀತೀಲಿ ಕೊಡುತ್ತೆ. ಬಾರ್ ಹಿಂದೆ ಒಬ್ಬ ಹೆಂಗಸು ಇದಾಳೆ, ಅರವತ್ತು ದಾಟಿರ್ಬೇಕು, ಕನ್ನಡಕ ಯಾವಾಗ್ಲೂ ತಲೆ ಮೇಲೆ. ಡಾಗ್ಸ್ ಬೇರೆ ಊರಲ್ಲಿ ಆಡಿ ಸೋತ್ರೆ ಕೊನೇ ಸೈರನ್ ಹೊಡೆದ ತಕ್ಷಣ ರಿಮೋಟ್ ತಗೊಂಡು ಟಿವಿ ಸೌಂಡ್ ಆಫ್ ಮಾಡ್ತಾಳೆ. ಯಾಕಂದ್ರೆ ಗೆದ್ದ ಟೀಮಿನ ಹಾಡು ಹಾಕ್ತಾರಲ್ಲ ಗ್ರೌಂಡ್‌ನಲ್ಲಿ, ಅದು ಇಲ್ಲಿ ಯಾರ ಕಿವಿಗೂ ಬೀಳ್ಬಾರ್ದು. ಮೊದಲ್ನೇ ಸಲ ನಾನು ರಿಮೋಟ್ ಕೆಟ್ಟೋಗಿದೆ ಅನ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು ಅದು ಮನೇಲಿ ಸಾವಾದಾಗ ರೇಡಿಯೋ ಆಫ್ ಮಾಡ್ತಾರಲ್ಲ ಆ ಥರ.

ಇನ್ನೊಂದು ಡಬ್ಬ. ಕ್ಯಾಷ್ ಕೌಂಟರ್ ಪಕ್ಕ ಹಳೇ ಮೈಲೋ ಡಬ್ಬ, ಮುಚ್ಚಳಕ್ಕೆ ಚಾಕೂಲಿ ಸೀಳು ಬಿಟ್ಟಿದಾರೆ, ಮೇಲೆ ಬಿಳಿ ಟೇಪು, ಟೇಪ್ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಬರ್ದಿರೋದು ಇಷ್ಟೇ: ಅಂಪೈರ್‌ನ ಬೈದ್ರೆ 2 ಡಾಲರ್. ಅದರ ಕೆಳಗೆ ಸಣ್ಣದಾಗಿ: 1997 ಬಿಟ್ಟು. ಸೋಲಿಗೆ ಅಂಪೈರ್ ಕಾರಣ ಅಂದೋನು ಎದ್ದು ಹೋಗಿ ಕಾಸು ಹಾಕಿ ಬರ್ಬೇಕು, ಆಮೇಲೆ ಮಾತು ಮುಂದುವರಿಸ್ಬಹುದು. ಆ ದುಡ್ಡು ಅಲ್ಲೇ ಹತ್ರದ ಮಕ್ಕಳ ಕ್ಲಬ್ಬಿಗೆ ಬಾಲ್ ಕೊಡಿಸೋಕೆ ಹೋಗುತ್ತೆ. ನಾನಂತೂ ಒಂದು ಡಜನ್ ಬಾಲ್ ಕೊಡಿಸಿರ್ಬೇಕು.

1997 ಯಾಕೆ ಬಿಟ್ಟಿದಾರೆ ಅಂತ ಹೊಸಬರು ಕೇಳೇ ಕೇಳ್ತಾರೆ, ಕೇಳಿದ್ರೆ ಇಪ್ಪತ್ತು ನಿಮಿಷ ಹೋಯ್ತು ಅಂತ ತಿಳ್ಕೊಳಿ. ಆ ವರ್ಷ ಪ್ರಿಲಿಮಿನರಿ ಫೈನಲ್‌ನಲ್ಲಿ (ನಮ್ಮ ಸೆಮಿಫೈನಲ್ ಇದ್ದಂಗೆ) ಅಡಿಲೇಡ್ ಎದುರು ಡಾಗ್ಸ್ ಎರಡೇ ಎರಡು ಪಾಯಿಂಟ್‌ನಿಂದ ಸೋತಿದ್ದು. ಕಡೇ ಕ್ವಾರ್ಟರ್‌ನಲ್ಲಿ ಟೋನಿ ಲಿಬರೇಟೋರ್ ಒಂದು ಕಿಕ್ ಹೊಡ್ದು ಗೋಲ್ ಆಯ್ತು ಅಂತ ಸಂಭ್ರಮ ಪಡ್ತಿದ್ದ, ಗೋಲ್ ಅಂಪೈರ್ ಬಿಹೈಂಡ್ ಅಂದ. ಗೊತ್ತಿಲ್ದೇ ಇರೋರಿಗೆ, ನಡುವಿನ ಎರಡು ಉದ್ದ ಕಂಬದ ಮಧ್ಯೆ ಹೋದ್ರೆ ಗೋಲು, 6 ಪಾಯಿಂಟು, ಪಕ್ಕದ ಗಿಡ್ಡ ಕಂಬದ ಕಡೆ ಹೋದ್ರೆ ಬಿಹೈಂಡು, 1 ಪಾಯಿಂಟು. ಅಂದ್ರೆ ಐದು ಪಾಯಿಂಟ್ ವ್ಯತ್ಯಾಸ, ಸೋತಿದ್ದು ಎರಡರಿಂದ. ಈ ಪಬ್ಬಲ್ಲಿ ಅದು ಗೋಲೇ. ಅದು ಬಿಹೈಂಡು ಅಂತ ವಾದ ಮಾಡೋಕೆ ಹೋಗ್ಬೇಡಿ ದಯವಿಟ್ಟು, ಸ್ಟಾರ್ ಕೊಡೋ ಕೈ ಬೇಕಲ್ವ ನಿಮ್ಗೆ. ಟೋನಿ ಮಗ ಟಾಮ್ ಲಿಬರೇಟೋರ್ ಈಗ್ಲೂ ಇದೇ ಟೀಮಲ್ಲಿ ಆಡ್ತಾನೆ, ಅವ್ನು ಯಾವಾಗ ಗೋಲ್ ಹೊಡೆದ್ರೂ ಯಾರೋ ಒಬ್ರು ಇದು ನಿಮ್ಮಪ್ಪಂದು ಕಣೋ ಅಂತ ಕೂಗ್ತಾರೆ.

ಈಗ ನಾನು ಹೇಳ್ಬೇಕು ಅಂತಿದ್ದ ದಿನಕ್ಕೆ ಬರ್ತೀನಿ, 2025ರ ಆಗಸ್ಟ್ 24, ಭಾನುವಾರ. ಹೋಮ್ ಅಂಡ್ ಅವೇ ಸೀಸನ್‌ನ (ಲೀಗ್ ಹಂತ) ಕೊನೇ ರೌಂಡು. ಮಾರ್ವೆಲ್ ಸ್ಟೇಡಿಯಮ್‌ನಲ್ಲಿ ಫ್ರೀಮ್ಯಾಂಟಲ್ ಎದುರು. ಗೆದ್ರೆ ಫೈನಲ್ಸು, ಸೋತ್ರೆ ಮನೆ. 15 ಪಾಯಿಂಟ್‌ನಿಂದ ಸೋತ್ರು, ಅಂದ್ರೆ ಎರಡೂವರೆ ಗೋಲು. 23 ಮ್ಯಾಚಲ್ಲಿ 14 ಗೆದ್ದು, ಪರ್ಸೆಂಟೇಜು 130 ದಾಟಿದ್ರೂ ಒಂಬತ್ತನೇ ಸ್ಥಾನ, ಆಗ ಎಂಟು ಟೀಮಿಗೆ ಮಾತ್ರ ಫೈನಲ್ಸು. ಪರ್ಸೆಂಟೇಜ್ ಅಂದ್ರೆ ನಾವು ಹೊಡೆದ ಪಾಯಿಂಟ್‌ನ ನಾವು ಬಿಟ್ಟುಕೊಟ್ಟ ಪಾಯಿಂಟ್‌ನಿಂದ ಭಾಗಿಸಿ ನೂರರಿಂದ ಗುಣಿಸೋದು, ಕ್ರಿಕೆಟ್‌ನ ನೆಟ್ ರನ್ ರೇಟ್ ಇದ್ದಂಗೆ, ನಮ್ದು ಬೊಂಬಾಟಾಗಿತ್ತು, ಉಪ್ಪಿನಕಾಯಿ ಹಾಕೋಕೂ ಬರ್ಲಿಲ್ಲ.

ಸದರ್ನ್ ಕ್ರಾಸ್‌ನಲ್ಲಿ ಟ್ರೇನ್ ಹತ್ತಿದ್ವಿ. ಆ ಟ್ರೇನ್‌ನ ಮೌನ ಒಂದು ನೋಡ್ಬೇಕಿತ್ತು ನೀವು, ಬೋಗಿ ತುಂಬಾ ಕೆಂಪು ಬಿಳಿ ನೀಲಿ ಸ್ಕಾರ್ಫು, ಒಬ್ರೂ ಮಾತಿಲ್ಲ, ನಾರ್ತ್ ಮೆಲ್ಬರ್ನ್‌ನಲ್ಲಿ ಬಾಗಿಲು ತೆಗೀತು ಮುಚ್ಕೊಳ್ತು, ಒಂದು ಮಗು ಮಾತ್ರ ಚಿಪ್ಸ್ ಪ್ಯಾಕೆಟ್ ಪರಪರ ಅನ್ನಿಸ್ತಾ ಇತ್ತು. ಅಷ್ಟರಲ್ಲಿ ನನ್ನ ಫ್ರೆಂಡ್ ಒಬ್ಬ, ಧಾರವಾಡದೋನು, ಎದುರಾಳಿ ಟೀಮು ಕಾಲಿಂಗ್‌ವುಡ್ ಫ್ಯಾನು (ಇಲ್ಲಿ ಬಂದು ಕಾಲಿಂಗ್‌ವುಡ್ ಸೇರೋದು ಅಂದ್ರೆ ಏನು ಮನಸ್ಥಿತಿ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ), ಮೆಸೇಜ್ ಹಾಕ್ತಾನೆ: ಏನಲೇ, ಮತ್ತ ಸೋತ್ರೇನು? ಹೋಗ್ಲಿ ಬಿಡಲೇ, ಮುಂದಿನ ಸಲ ಕಪ್ ನಿಮ್ದ. ಆ ಮಾತು ಆರ್‌ಸಿಬಿ ಫ್ಯಾನ್ ಆಗಿ ಹದಿನೇಳು ಸೀಸನ್ ಕೇಳಿದೋನು ನಾನು, ಚರ್ಮ ದಪ್ಪ ಆಗಿದೆ. ರಿಪ್ಲೈ ಮಾಡ್ಲಿಲ್ಲ.

ಪಬ್ಬಿಗೆ ಹೋದಾಗ ಆಗ್ಲೇ ದೊಡ್ಡ ಟೇಬಲ್ ತುಂಬಿತ್ತು. ಈ ಟೇಬಲ್ಲೇ ಈ ಪಬ್ಬಿನ ಅಸಲಿ ಮೆನು. ಡಾರ್ಟ್ ಬೋರ್ಡ್ ಕೆಳಗೆ ತಾತ, ನಾನು ಮನಸ್ಸಲ್ಲಿ ತಾತ ಅಂತೀನಿ, ಅಲ್ಲಿ ಎಲ್ರೂ ಮೇಟ್ ಅಂತಾರೆ. ಉಣ್ಣೆ ಸ್ಕಾರ್ಫ್ ತುಂಬಾ ಬ್ಯಾಡ್ಜು, ಕೆಲವು ತುಕ್ಕು ಹಿಡಿದಿವೆ. 1961ರ ಗ್ರ್ಯಾಂಡ್ ಫೈನಲ್‌ನಲ್ಲಿ ಫುಟ್ಸ್‌ಕ್ರೇ ಹಾಥಾರ್ನ್‌ಗೆ ಸೋತಾಗ ಹತ್ತು ವರ್ಷದ ಹುಡುಗನಂತೆ, ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದಂತೆ. ಆಗ ಟೀಮ್ ಹೆಸರು ಫುಟ್ಸ್‌ಕ್ರೇ ಅಂತಾನೇ ಇದ್ದಿದ್ದು, ವೆಸ್ಟರ್ನ್ ಬುಲ್‌ಡಾಗ್ಸ್ ಅಂತ ಆಗಿದ್ದು ತೊಂಬತ್ತರ ದಶಕದಲ್ಲಿ, ತಾತ ಇವತ್ತಿಗೂ ಫುಟ್ಸ್‌ಕ್ರೇ ಅಂತಾನೇ ಅನ್ನೋದು. 1989ರಲ್ಲಿ ಈ ಕ್ಲಬ್‌ನ ಫಿಟ್ಸ್‌ರಾಯ್ ಅನ್ನೋ ಇನ್ನೊಂದು ಕ್ಲಬ್ ಜೊತೆ ಸೇರಿಸಿ ಕೈ ತೊಳ್ಕೊಳ್ಳೋಕೆ ಹೊರಟಿದ್ರು, ಆಗ ಅಭಿಮಾನಿಗಳೇ ಬೀದಿಗಿಳಿದು ದುಡ್ಡು ಎತ್ತಿ ಉಳಿಸ್ಕೊಂಡ್ರು, ತಾತ ಆಗ ಡಬ್ಬ ಹಿಡ್ಕೊಂಡು ಮನೆಮನೆಗೆ ಹೋದೋನು. ಅವ್ನ ಎದುರಿಗೆ ಒಬ್ಳು ನರ್ಸು, ಡ್ಯೂಟಿ ಬಟ್ಟೇಲೇ ಬಂದಿದ್ಲು, ಈ ಟೇಬಲ್ಲಿಗೆ ಅವಳೇ ಲೆಕ್ಕದ ಮೇಡಮ್ಮು. ಪಕ್ಕ ಹಿಂದುಗಡೆ ಮಾತ್ರ ಉದ್ದ ಕೂದ್ಲು ಬಿಟ್ಟಿರೋ ಹುಡುಗ, ಮಲೆಟ್ ಅಂತಾರಲ್ಲ, ಅದು. ಮೂಲೇಲಿ ವಿಯೆಟ್ನಾಂ ಮೂಲದ ಬೇಕರಿ ಅಂಕಲ್, ಇಡೀ ಸಂಜೆ ಸೇರಿಸಿ ಮೂರು ಮಾತಾಡಿದ್ರೆ ಹೆಚ್ಚು.

ಹುಡುಗ ಶುರು ಮಾಡ್ದ. ಹೋಲ್ಡಿಂಗ್ ದ ಬಾಲ್ (ಟ್ಯಾಕಲ್ ಆದ್ಮೇಲೂ ಬಾಲ್ ಬಿಡ್ದೇ ಇದ್ರೆ ಕೊಡೋ ಫೌಲು) ಕೊಡ್ಲೇ ಇಲ್ಲ ಆ ಅಂಪೈರು, ಎಷ್ಟು ಸಲ ಟ್ಯಾಕಲ್ ಮಾಡಿದ್ವಿ, ಇಡೀ ಸ್ಟೇಡಿಯಮ್ಮೇ ಬಾಲ್ ಅಂತ ಕಿರುಚ್ತಿದ್ರೂ ಕಿವಿ ಕೇಳ್ಸಲ್ವಾ. ಎಲ್ರೂ ಒಟ್ಟಿಗೆ ಡಬ್ಬದ ಕಡೆ ಕೈ ತೋರಿಸಿದ್ರು. ಅವ್ನು ಎದ್ದು ಹೋಗಿ ಟಣ್ ಅಂತ ಹಾಕಿ ಬಂದು ಅದೇ ವಾಕ್ಯದಿಂದ ಮುಂದುವರಿಸ್ದ. ಈ ರೂಲ್ ಬಗ್ಗೆ ನಂಗೂ ಸಿಟ್ಟಿದೆ, ಬಾಲ್ ಹಿಡ್ಕೊಂಡೋನಿಗೆ ಬಿಡೋಕೆ ಮೊದಲೇ ಅವಕಾಶ ಇತ್ತಾ ಇಲ್ವಾ ಅನ್ನೋದು ಅಂಪೈರ್ ಕಣ್ಣಿಗೆ ಬಿಟ್ಟಿದ್ದು, 2024ರ ಸೀಸನ್ ಮಧ್ಯದಲ್ಲೇ ಇದನ್ನ ಬಿಗಿ ಮಾಡ್ತೀವಿ ಅಂತ ಎಎಫ್‌ಎಲ್‌ನೋರು ವ್ಯಾಖ್ಯಾನ ಬದಲಾಯಿಸಿದ್ರು, ಆದ್ರೂ ವಾರಕ್ಕೊಂದು ಥರ. ಇಷ್ಟು ಬರೆದಿದ್ದಕ್ಕೆ ನಾನೂ ಎರಡು ಡಾಲರ್ ಹಾಕ್ಬೇಕಾಗುತ್ತೆ ಬಹುಶಃ.

ನರ್ಸು ಅವನ ಮಾತು ಮುಗಿಯೋದನ್ನೇ ಕಾಯ್ತಿದ್ಲು. ಟೇಬಲ್ ಮೇಲಿದ್ದ ಉಪ್ಪಿನ ಡಬ್ಬಿ ಎಳ್ಕೊಂಡ್ಲು, ಇದು ಸ್ಯಾಮ್ ಡಾರ್ಸಿ ಅಂದ್ಲು. ಮೆಣಸಿನ ಡಬ್ಬಿ, ಇದು ನಾಟನ್. ಇಬ್ರನ್ನೂ ನನ್ನ ತಟ್ಟೆ ಹತ್ರ ಇಟ್ಲು, ಅಲ್ಲಿ ನಮ್ಮ ಗೋಲಂತೆ. ಟೊಮೆಟೊ ಸಾಸ್ ಬಾಟ್ಲಿ ಲಾಬ್, ಅದನ್ನ ಆ ಕಡೆ ತಾತನ ಗ್ಲಾಸ್ ಹತ್ರ ಡಿಫೆನ್ಸಿಗೆ ಇಟ್ಲು. ನಡುವೆ ನಾಲ್ಕು ಬಿಯರ್ ಕೋಸ್ಟರ್ ಮಿಡ್‌ಫೀಲ್ಡು, ಮೇಲಿರೋದು ಕ್ಯಾಪ್ಟನ್ ಬಾಂಟೆಂಪೆಲ್ಲಿ. ಒಂದು ಚಿಪ್ಸ್ ಎತ್ಕೊಂಡ್ಲು, ಅದು ಬಾಲು, ನನ್ನ ತಟ್ಟೆಯಿಂದಾನೇ ಎತ್ಕೊಂಡಿದ್ದು ಅನ್ನೋದು ಬೇರೆ ವಿಷ್ಯ. ನೋಡಿ, ಸೆಂಟರ್‌ನಲ್ಲಿ ಬಾಲ್ ನಮ್ಗೆ ಸಿಗುತ್ತೆ, ಅದ್ರಲ್ಲಿ ನಮ್ಮನ್ನ ಮೀರಿಸೋರು ಕಡಿಮೆ. ಎತ್ಕೊಂಡ್ವಿ, ಉದ್ದಕ್ಕೆ ಒದ್ವಿ, ಉಪ್ಪು ಮೆಣಸು ಇಬ್ರೂ ಒಂದೇ ಕಡೆ ಎಗರಿದ್ರು, ಯಾರಿಗೂ ಸಿಗ್ಲಿಲ್ಲ, ನೆಲಕ್ಕೆ ಬಿತ್ತು. ಈಗ ಈ ಬಾಲ್ ವಾಪಸ್ ಹೋಗುತ್ತಲ್ಲ, ಅಂತ ಹೇಳ್ತಾ ಚಿಪ್ಸ್‌ನ ಕೋಸ್ಟರ್‌ಗಳ ನಡುವೆ ಸರ್ರನೆ ಜಾರಿಸ್ಕೊಂಡು ಸಾಸ್ ಬಾಟ್ಲಿ ಪಕ್ಕ ಹಾದು ತಾತನ ಗ್ಲಾಸಿಗೆ ತಾಗಿಸಿದ್ಲು. ಯಾರಾದ್ರೂ ಅಡ್ಡ ಬಂದ್ರಾ? ಯಾರೂ ಬರ್ಲಿಲ್ಲ. ಇಡೀ ವರ್ಷ ಇದೇ ಕಥೆ.

ಒಂದೊಂದು ಕಡೆ ಹದಿನೆಂಟು ಜನ ಆಡೋ ಅಷ್ಟು ದೊಡ್ಡ ಮೈದಾನದ ಆಟ ಅಷ್ಟು ಚಿಕ್ಕ ಟೇಬಲ್ ಮೇಲೆ ನಂಗೆ ಅವತ್ತು ಅರ್ಥ ಆದಷ್ಟು ಟಿವಿ ಕಾಮೆಂಟರಿ ಕೇಳಿ ಯಾವತ್ತೂ ಆಗಿಲ್ಲ. ಬಾಲ್ ಗೆಲ್ಲೋದು ಬೇರೆ, ಬಾಲ್ ಕಳ್ಕೊಂಡಾಗ ಎಲ್ಲಿ ನಿಂತಿರ್ತೀವಿ ಅನ್ನೋದು ಬೇರೆ. ಆಮೇಲೆ ಅವಳು ಆ ಚಿಪ್ಸ್ ತಿಂದ್ಲು.

ತಾತ ಒಪ್ಲಿಲ್ಲ. ಅವ್ನ ವಾದ ಗಾಯದ ಮೇಲೆ. ಸೀಸನ್ ಶುರುವಲ್ಲಿ ಬಾಂಟ್ ಮೀನಖಂಡದ ಗಾಯದಿಂದ ಇರ್ಲಿಲ್ಲ, ನಡುವೆ ಡಾರ್ಸಿ ಮಂಡಿ, ಇವೆರಡು ಇಲ್ದಿದ್ರೆ ಇನ್ನೊಂದು ಮ್ಯಾಚ್ ಗೆಲ್ತಿರ್ಲಿಲ್ವಾ, ಒಂದೇ ಒಂದು ಸಾಕಿತ್ತು ಅಂದ. ಡಾರ್ಸಿ ಹೆಸರು ಬಂದ್ರೆ ತಾತನ ದನಿ ಮೆತ್ತಗಾಗುತ್ತೆ, ಸ್ಯಾಮ್‌ನ ಅಪ್ಪ ಲ್ಯೂಕ್ ಡಾರ್ಸಿ, ಅಜ್ಜ ಡೇವಿಡ್ ಡಾರ್ಸಿ, ಮೂರು ತಲೆಮಾರೂ ಇದೇ ಕ್ಲಬ್ಬು, ಮೂವರ ಆಟಾನೂ ನಮ್ಮ ತಾತ ನೋಡಿದಾನೆ. ಮಲೆಟ್ ಹುಡುಗ ಅದಕ್ಕೆ, ಗಾಯ ಎಲ್ಲಾ ಟೀಮಲ್ಲೂ ಆಗುತ್ತೆ, ಇದ್ದ ಆಟಗಾರರನ್ನ ಕಳಿಸಿದ್ದು ಯಾರು ಅಂದ. ಅಷ್ಟು ಹೇಳಿದ್ದೇ ತಡ, ಟೇಬಲ್ ಹೊತ್ಕೊಳ್ತು.

ಯಾಕಂದ್ರೆ 2024ರ ಸೀಸನ್ ಮುಗಿದ್ಮೇಲೆ ಒಂದೇ ಟ್ರೇಡ್ ಪೀರಿಯಡ್‌ನಲ್ಲಿ (ಕ್ಲಬ್‌ಗಳು ಆಟಗಾರರನ್ನ ಅದಲುಬದಲು ಮಾಡ್ಕೊಳ್ಳೋ ಸಮಯ) ಮೂವರು ಹೋದ್ರು, ಬೇಲಿ ಸ್ಮಿತ್ ಜೀಲಾಂಗ್‌ಗೆ, ಜ್ಯಾಕ್ ಮ್ಯಾಕ್ರೇ ಸೇಂಟ್ ಕಿಲ್ಡಾಗೆ, ಕೇಲೆಬ್ ಡೇನಿಯಲ್ ನಾರ್ತ್ ಮೆಲ್ಬರ್ನ್‌ಗೆ. ಮ್ಯಾಕ್ರೇ, ಡೇನಿಯಲ್ ಇಬ್ರೂ 2016ರ ಫ್ಲ್ಯಾಗ್ ಗೆದ್ದೋರು. ಸ್ಮಿತ್ ಅಂತೂ ಮಂಡಿ ಆಪರೇಷನ್ ಆಗಿ 2024 ಪೂರ್ತಿ ಆಡ್ದೇ ಕೂತಿದ್ದೋನು ಜೀಲಾಂಗ್‌ಗೆ ಹೋಗಿದ್ದೇ ಕುದುರೆ ಥರ ಓಡ್ತಾ ಇದಾನೆ. ಇದಕ್ಕೆಲ್ಲ ಕೋಚ್ ಲ್ಯೂಕ್ ಬೆವರಿಜ್ ಕಾರಣ, ಯಾರನ್ನ ಯಾವ ಜಾಗದಲ್ಲಿ ಆಡಿಸ್ತಾನೆ ಅಂತ ಅವ್ನಿಗೇ ಗೊತ್ತಿರಲ್ಲ, ಚೆನ್ನಾಗಿರೋರನ್ನ ವಿಎಫ್‌ಎಲ್‌ಗೆ (ಕೆಳಗಿನ ಲೀಗು) ಕಳಿಸ್ತಾನೆ ಅಂತ ಹುಡುಗ. ನರ್ಸು ಅರ್ಧ ಒಪ್ಪಿದ್ಲು ಅರ್ಧ ಇಲ್ಲ, ಲಾಬ್‌ನ ಫಾರ್ವರ್ಡ್‌ನಿಂದ ಡಿಫೆನ್ಸಿಗೆ ತಂದಿದ್ದೂ ಅದೇ ಕೋಚು, ಅದು ಕೆಲಸ ಮಾಡ್ತಲ್ವಾ ಅಂದ್ಲು.

ತಾತ ಗ್ಲಾಸ್ ಕೆಳಗಿಟ್ಟ. 2016ರಲ್ಲಿ ಗೆದ್ದಾಗ ಬೆವರಿಜ್ ತನ್ನ ಕೋಚ್ ಮೆಡಲ್‌ನ ಗಾಯ ಆಗಿ ಆಡಕ್ಕಾಗದೇ ಇದ್ದ ಕ್ಯಾಪ್ಟನ್ ಬಾಬ್ ಮರ್ಫಿನ ಸ್ಟೇಜ್ ಮೇಲೆ ಕರೆದು ಕೊರಳಿಗೆ ಹಾಕ್ದ. ಇದನ್ನ ಎಲ್ರೂ ನೋಡಿದೀವಿ. ತಾತ ಹೇಳಿದ್ದು ಇಷ್ಟೇ, ನಾನು ಬದುಕಿರೋವರೆಗೆ ಆ ಮನುಷ್ಯನ್ನ ತೆಗೀರಿ ಅಂತ ನನ್ನ ಬಾಯಲ್ಲಿ ಬರಲ್ಲ. ನರ್ಸು ಒಂದು ಕ್ಷಣ ಸುಮ್ಮನಿದ್ದು, ಮೆಡಲ್ ಕೊಟ್ಟಿದ್ದು ಚೆನ್ನಾಗಿತ್ತು, ಅದಕ್ಕೂ ಇವತ್ತು ಬಾಲ್ ಹಿಂದೆ ಓಡ್ದೇ ಇದ್ದಿದ್ದಕ್ಕೂ ಏನು ಸಂಬಂಧ ಅಂದ್ಲು. ಇಬ್ರದ್ದೂ ಸರಿ ಅನ್ನಿಸ್ತು ನಂಗೆ, ಆದ್ರೆ ಯಾವ ಕಡೆ ಅಂತ ಕೇಳಿದ್ರೆ ನಾನು ನರ್ಸ್ ಕಡೆ. ಮೇಲಿನ ಎಂಟರಲ್ಲಿರೋ ಟೀಮ್‌ಗಳು ಎದುರಾದಾಗ ನಮ್ದು ತೊಡೆ ನಡುಗುತ್ತೆ, ಕೆಳಗಿನೋರು ಸಿಕ್ಕಿದ್ರೆ ನೂರು ಪಾಯಿಂಟ್ ಹೊಡ್ದು ಪರ್ಸೆಂಟೇಜ್ ಏರಿಸ್ಕೊಳ್ತೀವಿ, ಆಮೇಲೆ 130 ಇತ್ತು ಅಂತ ಅಳ್ತೀವಿ. ಇದನ್ನ ಅಲ್ಲೂ ಹೇಳ್ದೆ. ಹುಡುಗ, ನೀನು 2016ರಲ್ಲಿ ಬಂದೋನು, ನಿಂಗೇನ್ ಗೊತ್ತು ಅಂದ. ಆಗ ಬೇಕರಿ ಅಂಕಲ್ ಅವತ್ತಿನ ಮೊದಲ್ನೇ ಮಾತಾಡಿದ್ರು: ಒಂಬತ್ತು ವರ್ಷ ಸೋತಿದಾನೆ, ಸಾಕು.

ನಂಗೆ ಈ ದೇಶದಲ್ಲಿ ಸಿಟಿಜನ್‌ಶಿಪ್ ಸರ್ಟಿಫಿಕೇಟ್ ಕೊಟ್ಟಾಗ್ಲೂ ಅಷ್ಟು ಖುಷಿ ಆಗಿರ್ಲಿಲ್ಲ ಕಣ್ರೀ.

ಎಂಟು ಗಂಟೆ ಹೊತ್ತಿಗೆ ಒಂದು ವಿಚಿತ್ರ ನಡೀತು. ತಾತ ಎದ್ದ, ಮಂಡಿ ಹಿಡ್ಕೊಂಡು ನಿಧಾನಕ್ಕೆ ಬಾರ್ ಹತ್ರ ಹೋದ, ಜೇಬಿಂದ ಎರಡು ಡಾಲರ್ ನಾಣ್ಯ ತೆಗೆದು ಡಬ್ಬಕ್ಕೆ ಹಾಕ್ದ. ತಾತ ಇವತ್ತಿನವರೆಗೆ ಒಂದು ಸಲಾನೂ ಹಾಕಿರ್ಲಿಲ್ಲ, ಅಂಪೈರ್‌ನ ಬೈಯ್ಯೋದು ಸೋಮಾರಿಗಳ ಕೆಲಸ ಅನ್ನೋ ಪೈಕಿ ಅವ್ನು. ಬಾರ್ ಹೆಂಗಸು ಕನ್ನಡಕ ಕೆಳಗಿಳಿಸಿ ನೋಡಿದ್ಲು. ಏನೂ ಬೈದಿಲ್ವಲ್ಲ ಅಂದ್ಲು. ಮನೆಗೆ ಹೋಗೋ ದಾರೀಲಿ ಬೈತೀನಿ, ಅಡ್ವಾನ್ಸು ಅಂದ.

ಇಂಥದ್ದನ್ನ ರಿವ್ಯೂನಲ್ಲಿ ಹೆಂಗೆ ಮಾರ್ಕ್ಸ್ ಹಾಕೋದು ನೀವೇ ಹೇಳಿ.

ನಮ್ಮನ್ನ ಮನೆಗೆ ಕಳಿಸಿದ ಫ್ರೀಮ್ಯಾಂಟಲ್‌ದು ಏನಾಯ್ತು ಅಂದ್ರೆ, ಎರಡು ವಾರಕ್ಕೆ ಎಲಿಮಿನೇಷನ್ ಫೈನಲ್‌ನಲ್ಲಿ ಅವ್ರ ಊರಲ್ಲೇ ಗೋಲ್ಡ್ ಕೋಸ್ಟ್ ಕೈಲಿ ಒಂದೇ ಒಂದು ಪಾಯಿಂಟ್‌ನಿಂದ ಸೋತ್ರು. ಗೋಲ್ಡ್ ಕೋಸ್ಟಿಗೆ ಅದೇ ಮೊದಲ್ನೇ ಫೈನಲ್ಸು. ಆ ರಾತ್ರಿನೂ ಪಬ್ಬಿಗೆ ಹೋಗಿದ್ದೆ, ಬೇರೆಯೋರ ಸೋಲು ಅಲ್ವ ಅಂತ ಆರಾಮಾಗಿ ಕೂತಿದ್ದೆ, ಸೈರನ್ ಆದ್ಮೇಲೆ ಬಾರ್ ಹೆಂಗಸು ಅವತ್ತು ಸೌಂಡ್ ಆಫ್ ಮಾಡ್ಲಿಲ್ಲ, ಇನ್ನೂ ಎರಡು ಪಾಯಿಂಟ್ ಜಾಸ್ತಿ ಮಾಡಿದ್ಲು. ಆಮೇಲೆ 2026ರಿಂದ ಒಂಬತ್ತು ಹತ್ತನೇ ಸ್ಥಾನದೋರಿಗೂ ವೈಲ್ಡ್‌ಕಾರ್ಡ್ ಅಂತ ಒಂದು ಅವಕಾಶ ಕೊಡ್ತೀವಿ ಅಂತ ಎಎಫ್‌ಎಲ್‌ನೋರು ಅನೌನ್ಸ್ ಮಾಡಿದ್ರು. ಒಂಬತ್ತನೇ ಸ್ಥಾನ! ಒಂದೇ ಒಂದು ವರ್ಷ ಮುಂಚೆ ಮಾಡಿದ್ರೆ ಇವರ ಗಂಟೇನು ಹೋಗ್ತಿತ್ತು. ಆ ಸುದ್ದಿ ಬಂದ ವಾರ ಪಬ್ಬಲ್ಲಿ ಹೊಸ ಜಗಳ, ಎಎಫ್‌ಎಲ್‌ನ ಬೈದ್ರೆ ಡಬ್ಬಕ್ಕೆ ಹಾಕ್ಬೇಕಾ ಬೇಡ್ವಾ ಅಂತ. ಬೇಡ ಅಂತ ತೀರ್ಮಾನ ಆಯ್ತು, ಹಾಕಿದ್ರೆ ಎಲ್ರೂ ದಿವಾಳಿ ಆಗ್ತೀವಿ ಅಂತ.

ಇನ್ನು ಕೊರತೆಗಳು. ಪಾರ್ಕಿಂಗ್ ಇಲ್ಲ, ಮ್ಯಾಚ್ ದಿನ ಕಾರ್ ತಗೊಂಡ್ ಹೋದ್ರೆ ಮೂರು ಬೀದಿ ಸುತ್ತಿ ಬರ್ತೀರ, ಟ್ರೇನಲ್ಲೇ ಹೋಗಿ. ಗಂಡಸರ ಟಾಯ್ಲೆಟ್ ಬಗ್ಗೆ ಬರೆಯೋಕೆ ಮನಸ್ಸಿಲ್ಲ. ಮಕ್ಕಳನ್ನ ಬಿಸ್ಟ್ರೋ ಕಡೆ ಕೂರಿಸ್ಬಹುದು, ಬಣ್ಣದ ಪೆನ್ಸಿಲ್ ಕೊಡ್ತಾರೆ, ಆದ್ರೆ ಸೋತ ದಿನ ಬಾರ್ ಕಡೆಯಿಂದ ಬರೋ ಭಾಷೆ ಮಕ್ಕಳು ಮಾರನೇ ದಿನ ಸ್ಕೂಲಲ್ಲಿ ಉಪಯೋಗಿಸಿದ್ರೆ ನನ್ನ ಕೇಳ್ಬೇಡಿ, ನನ್ನ ಮಗಳದ್ದು ಆಗ್ಲೇ ಒಂದು ಸಲ ಟೀಚರಿಂದ ಫೋನ್ ಬಂದಿದೆ. ಮೊದಲ್ನೇ ಸಲ ಹೋಗೋರು ದೊಡ್ಡ ಟೇಬಲ್ಲಿಗೆ ನೇರ ಹೋಗಿ ಕೂರ್ಬೇಡಿ, ಪಕ್ಕದ ಸ್ಟೂಲಲ್ಲಿ ಕೂತು ಎರಡು ಸಲ ಕೇಳಿಸ್ಕೊಳಿ, ಮೂರನೇ ಸಲ ಅವ್ರೇ ಚಿಪ್ಸ್ ಕೇಳೋ ನೆಪದಲ್ಲಿ ಕರೀತಾರೆ. ಕಾಲಿಂಗ್‌ವುಡ್ ಸ್ಕಾರ್ಫ್ ಹಾಕ್ಕೊಂಡು ಹೋಗೋ ಧೈರ್ಯ ಮಾಡ್ಬೇಡಿ, ನನ್ನ ಧಾರವಾಡದ ಗೆಳೆಯ ಒಂದು ಸಲ ಮಾಡ್ದ, ಪಾಪ ಯಾರೂ ಏನೂ ಅನ್ಲಿಲ್ಲ, ಅವ್ನ ಆರ್ಡರ್ ಮಾತ್ರ ಒಂದು ಗಂಟೆ ಬರ್ಲಿಲ್ಲ. ಇಲ್ಲಿನೋರು ಭಾರಿ ವಿನಯದೋರು ಮಾರಾಯ ಅಂತ ನಾನು ಸಮಾಧಾನ ಮಾಡ್ದೆ, ಅವ್ನು ಎದ್ದು ಹೋಗಿ ಕಬಾಬ್ ತಿಂದ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಟ್ ಮಾಡಿದ್ದು ಭಾನುವಾರದ ಸರ್‌ಚಾರ್ಜ್‌ಗೆ. ಪಾರ್ಮ ಚಿಪ್ಸ್ ಮೇಲೆ ಇಡೋದಕ್ಕೂ ಅರ್ಧ ಕಟ್ ಮಾಡ್ತಿದ್ದೆ, ಅರ್ಧ ಸ್ಟಾರ್ ಒತ್ತೋಕೆ ಬರ್ತಾ ಇಲ್ಲ ಇಲ್ಲಿ.